ಓದು ಹತ್ತದ ಮಗುವಿಗೆ ಮನೆಪಾಠ: ದುಡಿಯುವ ಪೋಷಕರಿಗೆ ಕೆಲವು ಮಾತು

ವಿದ್ಯಾರ್ಥಿವೇತನದ ಅರ್ಜಿ ಎಂದರೆ ಮೊದಲು ನೋಡುವುದು ಅಂಕಪಟ್ಟಿ. ಆದರೆ ಬಾಯಿಲೆಕ್ಕದಲ್ಲಿ ಚುರುಕಾಗಿದ್ದು, ಪುಸ್ತಕ ತೆರೆದರೆ ಮಾತ್ರ ತಡವರಿಸುವ ಮಕ್ಕಳು ನಮ್ಮಲ್ಲಿ ಇದ್ದಾರೆ. ಅಂಥವರನ್ನು ‘ದಡ್ಡ’ ಎಂದು ಶಾಲೆ ಬಿಡಿಸಿ ಗ್ಯಾರೇಜಿಗೋ ಅಂಗಡಿಗೋ ಕಳಿಸುವ ಮೊದಲು ಪೋಷಕರು ಈ ನಾಲ್ಕು ವಿಷಯ ತಿಳಿದಿರಬೇಕು.

ಒಂದು, ಕಲಿಕಾ ನ್ಯೂನತೆ ಬುದ್ಧಿಯ ಕೊರತೆಯಲ್ಲ. ಓದು, ಬರಹ ಅಥವಾ ಲೆಕ್ಕದಲ್ಲಿ ಕಾಣುವ ತೊಡಕು ಅದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ನ್ಯೂನತೆಗಳಲ್ಲಿ ಇದೂ ಸೇರಿದೆ. ಮನೆಯಲ್ಲಿ ಉರ್ದು ಆಡುವ ಮಗು ಕನ್ನಡದಲ್ಲಿ ಹಿಂದುಳಿದರೆ ಅದು ಬರೀ ಭಾಷೆಯ ರೂಢಿಯ ಪ್ರಶ್ನೆ ಇರಬಹುದು. ಕಲಿಯುತ್ತಿರುವ ಎಲ್ಲ ಭಾಷೆಗಳಲ್ಲೂ ಅಕ್ಷರ ಮನಸ್ಸಿನಲ್ಲಿ ನಿಲ್ಲದಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷಿಸಿ, ನಂತರ ಕಲಿಕೆಯ ತಪಾಸಣೆ ಮಾಡಿಸಿ.

ಎರಡು, ಎಲ್ಲಿ ಕೇಳಬೇಕು? ಮುಖ್ಯಶಿಕ್ಷಕರ ಮೂಲಕ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿ.ಆರ್.ಸಿ.) ವಿಶೇಷ ಶಿಕ್ಷಕರನ್ನು ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿಕಾ ತೊಂದರೆಯ ತಪಾಸಣೆ ನಡೆಯುತ್ತದೆ. ಸರಿಯಾದ ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಹತ್ತನೇ ತರಗತಿಯ ಕೊನೆಯವರೆಗೆ ಕಾಯಬೇಡಿ.

ಮೂರು, ಮನೆಯಲ್ಲಿ ಕಲಿಸಿದರೂ ಶಾಲೆಯ ದಾಖಲಾತಿಯಿಂದ ಹೆಸರು ತೆಗೆಸಬೇಡಿ. ಪಠ್ಯಪುಸ್ತಕ, ಬಿಸಿಯೂಟ, ಸಹಪಾಠಿಗಳ ಜೊತೆ ಎಲ್ಲವೂ ಆ ಹೆಸರಿನೊಂದಿಗೆ ಇವೆ. ತೀವ್ರ ಅಥವಾ ಬಹುವಿಧ ನ್ಯೂನತೆಯುಳ್ಳ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ಮುಂದೆ ಶಾಲೆಯ ಪರೀಕ್ಷೆ ಸಾಧ್ಯವೇ ಇಲ್ಲವೆನಿಸಿದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್.ಐ.ಒ.ಎಸ್.) ಇದೆ. ಅಲ್ಲಿ ಹತ್ತನೇ ತರಗತಿಯ ವಿಷಯಗಳನ್ನು ಒಂದೊಂದಾಗಿ, ಐದು ವರ್ಷಗಳ ಅವಧಿಯಲ್ಲಿ ಪಾಸು ಮಾಡಬಹುದು.

ನಾಲ್ಕು, ದುಡಿಯುವವರಿಗೆ ಸಮಯ ಎಲ್ಲಿದೆ? ಕೆಲಸಕ್ಕೆ ಹೊರಡುವ ಮುನ್ನ ಹದಿನೈದು ನಿಮಿಷ, ರಾತ್ರಿ ಹದಿನೈದು ನಿಮಿಷ ಸಾಕು. ಆದರೆ ದಿನ ತಪ್ಪಬಾರದು. ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳಿನಿಂದ ಅಕ್ಷರ ತಿದ್ದಿಸಿ. ಪ–ಷ, ದ–ಧದಂಥ ಜೋಡಿಗಳಲ್ಲಿ ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ತನ್ನಿ, ಒತ್ತಕ್ಷರ ಆಮೇಲೆ. ತಾಯಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದರೂ ಪಾಠ ಓದಿದ ಅಕ್ಕನೋ ಅಣ್ಣನೋ ಪ್ರಶ್ನೆ ಕೇಳಲಿ, ಮಗು ಬಾಯಲ್ಲಿ ಉತ್ತರ ಹೇಳಲಿ, ಅವರು ಬರೆದುಕೊಳ್ಳಲಿ. ಹೇಳಿ ಬರೆಸುವುದಕ್ಕೂ ಅಭ್ಯಾಸ ಬೇಕು. ಪರೀಕ್ಷೆಯ ದಿನ ಅದು ತಾನಾಗಿ ಬರುವುದಿಲ್ಲ. ಅಂಗಡಿಯ ಚಿಲ್ಲರೆಯೇ ಲೆಕ್ಕದ ಪಾಠ, ಬಸ್ಸಿನ ಬೋರ್ಡೇ ಓದಿನ ಪಾಠ. ತಪ್ಪಿಗೆ ಹೊಡೆತ ಬೇಡ, ಪಕ್ಕದ ಮನೆಯ ಮಗುವಿನ ಹೋಲಿಕೆಯೂ ಬೇಡ.

ದಾನಿಗಳಲ್ಲಿ ಒಂದು ವಿನಂತಿ. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರು. ಕೂಲಿ ಮಾಡುವ ತಂದೆಗೆ ಒಂದು ತಪಾಸಣೆ ಎಂದರೆ ಇಬ್ಬರ ಬಸ್ ಚಾರ್ಜು, ಜೊತೆಗೆ ಆ ದಿನದ ಕೂಲಿ. ಮತ್ತೆ ಬನ್ನಿ ಎಂದರೆ ಅದೇ ಖರ್ಚು ಮತ್ತೊಮ್ಮೆ. ಎಷ್ಟೋ ತಪಾಸಣೆಗಳು ಇಲ್ಲಿಗೇ ನಿಲ್ಲುತ್ತವೆ. ಶೇಕಡಾ ತೊಂಬತ್ತು ಪಡೆದ ಮಗುವಿಗೆ ಕೊಡುವ ಹಣದಲ್ಲಿ ಒಂದು ಪಾಲು ಈ ಪ್ರಯಾಣಕ್ಕೂ ಮೀಸಲಾಗಲಿ. ಪೋಷಕರೇ, ಅಂಕ ಕಡಿಮೆ ಎಂದು ಅರ್ಜಿ ಹಾಕಲು ಸಂಕೋಚಪಡಬೇಡಿ. ಮಗುವಿನ ತೊಡಕು ಏನೆಂದು ಒಂದು ಹಾಳೆಯಲ್ಲಿ ಬರೆದು, ಶಾಲೆಯ ಶಿಕ್ಷಕರ ಸಹಿ ಪಡೆದು ಅರ್ಜಿಯೊಂದಿಗೆ ಲಗತ್ತಿಸಿ.