ಹಳೆಯ ಸೀರೆಯ ಮೇಲೆ ಹೊಂಗೆಯ ಎಲೆ

ಹಳೆಯ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುವವರು ಜಯನಗರದ ನಿಮ್ಮ ಬೀದಿಗೆ ಬಂದಾಗ ಒಂದು ಹತ್ತಿ ಸೀರೆಯನ್ನಾದರೂ ಕೊಡದೆ ಉಳಿಸಿಕೊಳ್ಳಿ. ಹಲವು ಸಲ ಒಗೆದ ಹತ್ತಿಯಲ್ಲಿ ಗಿರಣಿಯ ಗಂಜಿ ಉಳಿದಿರುವುದಿಲ್ಲ. ಬಣ್ಣವು ನೂಲಿನೊಳಕ್ಕೆ ಇಳಿಯುತ್ತದೆ. ಹೊಸ ಬಟ್ಟೆಗೆ ಈ ಗುಣವಿಲ್ಲ.

ಬರೆಯುವುದೇನನ್ನು? ಪುಸ್ತಕದ ಗುಲಾಬಿಯಂತೂ ಬೇಡ. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗು ಪಕ್ಕದಲ್ಲೇ ಉಂಟು. ಅಲ್ಲಿಯ ಸಸ್ಯಗಳನ್ನು ಕ್ಯಾಮರನ್ನರ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಕಲಾವಿದರು ಚಿತ್ರಿಸಿದ್ದಾರೆ. ನೀವೂ ಬೀದಿಯ ಹೊಂಗೆಯಿಂದ ಉದುರಿದ ಒಂದು ಕಡ್ಡಿಯನ್ನು ಎದುರಿಗಿಟ್ಟುಕೊಳ್ಳಿ. ಕಡ್ಡಿಯ ಎರಡೂ ಮಗ್ಗುಲಿಗೆ ಜೋಡಿ ಜೋಡಿಯಾಗಿ ಕಿರು ಎಲೆ, ತುದಿಯಲ್ಲಿ ಒಂಟಿ ಎಲೆ. ಆ ಒಂಟಿಯನ್ನು ಮರೆತರೆ ಅದು ಹೊಂಗೆಯಲ್ಲ, ಎಂಥದೋ ಎಲೆ.

ಸಾರಿನ ಕಲೆ ಬಿದ್ದಲ್ಲಿಯೇ ದೊಡ್ಡ ಎಲೆ ಬರಲಿ; ಆ ಕಲೆಯನ್ನು ಈ ಕಲೆ ಮುಚ್ಚಿಕೊಳ್ಳಲಿ. ಅಡಿಗೆ ರಟ್ಟನ್ನಿಡಿ. ಬಟ್ಟೆಗೆಂದೇ ಮಾರುವ ಬಣ್ಣಕ್ಕೆ ನೀರು ಹೆಚ್ಚಾದರೆ ಅಂಚು ಹರಡುತ್ತದೆ. ಆದ್ದರಿಂದ ಒಳಗೆ ಸಿಕ್ಕಿಸುವ ತುದಿಯಲ್ಲಿ ಮೊದಲು ಪರೀಕ್ಷಿಸುವುದು ಲೇಸು. ಕೂತ ಬಣ್ಣ ಹೋಗದು. ತಾಯಿಯ ಸೀರೆಯಾದರೆ ಇನ್ನೊಂದು ಸಿಕ್ಕದು. ಒಂದು ದಿನ ಒಣಗಿಸಿ, ಹಿಂಬದಿಯಿಂದ ಬಿಸಿ ಇಸ್ತ್ರಿ ಹಾಕಿ. ಆಮೇಲೆ ತಣ್ಣೀರಿನಲ್ಲಿ ಕೈಯಿಂದ ಒಗೆಯಿರಿ, ಕಲ್ಲಿಗೆ ಮಾತ್ರ ಬಡಿಯಬೇಡಿ.