ಗುಡ್ಡ ಇಳಿದ ಹನ್ನೆರಡು ಮಕ್ಕಳು

ಅಮೆರಿಕದ ಟೆನೆಸಿ ರಾಜ್ಯದ ಕ್ಲಿಂಟನ್ ಒಂದು ಪುಟ್ಟ ಪಟ್ಟಣ. ಎಪ್ಪತ್ತು ವರ್ಷಗಳ ಹಿಂದೆ ಅಲ್ಲಿನ ಫೋಲಿ ಗುಡ್ಡದ ಮೇಲೆ ಕಪ್ಪು ಜನರ ಮನೆಗಳಿದ್ದವು, ಅವರ ಮಕ್ಕಳಿಗೆಂದೇ ಒಂದು ಪ್ರಾಥಮಿಕ ಶಾಲೆಯಿತ್ತು. ಸರ್ಕಾರಿ ಹೈಸ್ಕೂಲು ಇದ್ದದ್ದು ಗುಡ್ಡದ ಕೆಳಗೆ, ಬಿಳಿಯರಿಗೆ ಮಾತ್ರ. ಊರು ಬೇರೆ, ಕೇರಿ ಬೇರೆ ಎಂಬುದನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ.

ಗುಡ್ಡದಿಂದ ಹೈಸ್ಕೂಲಿಗೆ ನಡೆದೇ ಹೋಗಬಹುದಿತ್ತು. ಆದರೆ ಕಪ್ಪು ಮಕ್ಕಳು ದಿನಾ ಬಸ್ಸು ಹತ್ತಿ ಸುಮಾರು 20 ಮೈಲು ದೂರದ ನಾಕ್ಸ್‌ವಿಲ್‌ಗೆ ಹೋಗಿ, ಅಲ್ಲಿನ ಆಸ್ಟಿನ್ ಹೈಸ್ಕೂಲಿನಲ್ಲಿ ಓದಿ ಬರಬೇಕಿತ್ತು. ಇದನ್ನು ಪ್ರಶ್ನಿಸಿ ಕೆಲವು ಕುಟುಂಬಗಳು 1950ರಲ್ಲೇ ಕೋರ್ಟಿಗೆ ಹೋದವು, ಸೋತವು. ಶಾಲೆಗಳಲ್ಲಿ ವರ್ಣಭೇದ ಕೂಡದೆಂದು 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆ ಹಳೆಯ ಫೈಲಿಗೆ ಜೀವ ಬಂತು. ಮೊದಲು ಆ ಕುಟುಂಬಗಳ ವಿರುದ್ಧ ತೀರ್ಪು ಕೊಟ್ಟಿದ್ದ ನ್ಯಾಯಾಧೀಶ ರಾಬರ್ಟ್ ಟೇಲರ್ ಅವರೇ, 1956ರ ಶಾಲಾ ವರ್ಷದಿಂದ ಬಾಗಿಲು ತೆರೆಯಬೇಕೆಂದು ಆದೇಶಿಸಿದರು.

1956ರ ಆಗಸ್ಟ್ 27, ಸೋಮವಾರ. ಹನ್ನೆರಡು ಮಕ್ಕಳು ಗುಡ್ಡ ಇಳಿದರು. ಹೀಗೆಯೇ ಬಿಳಿಯರ ಶಾಲೆಗೆ ಕಾಲಿಟ್ಟ ಲಿಟಲ್ ರಾಕ್‌ನ ಒಂಬತ್ತು ಕಪ್ಪು ಮಕ್ಕಳು ಜಗತ್ತಿಗೆಲ್ಲ ಗೊತ್ತು. ಅದು ನಡೆದದ್ದು ಮರುವರ್ಷ. ಕ್ಯಾಮೆರಾಗಳು ಕ್ಲಿಂಟನ್ನಿಗೂ ಬಂದಿದ್ದವು, ನೆನಪು ಮಾತ್ರ ಉಳಿಯಲಿಲ್ಲ.

ಆ ಹನ್ನೆರಡು ಮಂದಿಯಲ್ಲಿ ಬಾಬಿ ಕೇನ್‌ಗೆ ಬರುವ ಮನಸ್ಸೇ ಇರಲಿಲ್ಲ. ಅವನದು ಕೊನೆಯ ವರ್ಷ, ಗೆಳೆಯರೆಲ್ಲ ಆಸ್ಟಿನ್‌ನಲ್ಲಿದ್ದರು. ಚರಿತ್ರೆ ಬರೆಯಬೇಕೆಂಬ ಹಂಬಲ ಹದಿಹರೆಯದ ಹುಡುಗನಿಗೆ ಯಾಕಿರುತ್ತದೆ! ಜೋ ಆನ್ ಆಲೆನ್ ಎಂಬ ಹುಡುಗಿಯನ್ನಾದರೆ ಸಹಪಾಠಿಗಳು ಮೊದಲ ದಿನವೇ ತರಗತಿಯ ಉಪಾಧ್ಯಕ್ಷೆಯನ್ನಾಗಿ ಆರಿಸಿದರು.

ಊರಿನ ಬಿಳಿಯರಿಗೆ ಇದೇನೂ ಇಷ್ಟವಿರಲಿಲ್ಲ. ಆದರೂ ಕೋರ್ಟು ಹೇಳಿದೆ, ಮಾಡಬೇಕು ಎಂಬ ಒಲ್ಲದ ಒಪ್ಪಿಗೆಯೊಂದಿತ್ತು. ಅದನ್ನು ಕದಡಿದವನು ಹೊರಗಿನಿಂದ ಬಂದ ವರ್ಣಭೇದವಾದಿ ಜಾನ್ ಕ್ಯಾಸ್ಪರ್. ಶಾಲೆ ಶುರುವಾಗುವ ಮೊದಲೇ ಬಂದಿಳಿದು ಮನೆಮನೆ ಸುತ್ತಿದ, ಕೋರ್ಟ್‌ಹೌಸ್ ಮುಂದೆ ಭಾಷಣ ಬಿಗಿದ. ವಾರ ತುಂಬುವಷ್ಟರಲ್ಲಿ ಗುಂಪುಗಳು ಬೀದಿಗಿಳಿದು ದಾರಿಹೋಕರ ಕಾರುಗಳನ್ನು ಅಲುಗಾಡಿಸತೊಡಗಿದ್ದವು. ಗವರ್ನರ್ ಫ್ರಾಂಕ್ ಕ್ಲೆಮೆಂಟ್ ಆರುನೂರಕ್ಕೂ ಹೆಚ್ಚು ನ್ಯಾಷನಲ್ ಗಾರ್ಡ್ ಸೈನಿಕರನ್ನು ಕಳಿಸಿದರು. ಪುಟ್ಟ ಪೇಟೆಯೊಳಗೆ ಟ್ಯಾಂಕುಗಳು ಉರುಳಿ ಬಂದವು.

ಸೈನ್ಯ ಹೋದ ಮೇಲೂ ಶಾಲೆಯೊಳಗಿನ ಕಾಟ ನಿಲ್ಲಲಿಲ್ಲ. ಡಿಸೆಂಬರ್ 4ರಂದು ಬಿಳಿಯರ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಪಾಲ್ ಟರ್ನರ್ ತಾವೇ ಮಕ್ಕಳ ಜೊತೆ ನಡೆದು ಅವರನ್ನು ಶಾಲೆಗೆ ಬಿಟ್ಟರು. ಹಿಂತಿರುಗುವಾಗ ಗುಂಪೊಂದು ಅವರನ್ನು ರಕ್ತ ಸುರಿಯುವಂತೆ ಹೊಡೆಯಿತು. ಅಂದೇ ಪಟ್ಟಣದ ಚುನಾವಣೆಯೂ ಇತ್ತು. ವರ್ಣಭೇದವಾದಿಗಳ ಅಭ್ಯರ್ಥಿಗಳು ಭಾರಿ ಅಂತರದಿಂದ ಸೋತರು. ಕ್ಲಿಂಟನ್ನಿನ ಕಥೆಯಲ್ಲಿ ನನಗೆ ಟ್ಯಾಂಕಿಗಿಂತ ದೊಡ್ಡದಾಗಿ ಕಾಣುವುದು ಆ ಮತಪೆಟ್ಟಿಗೆ.

1957ರ ಮೇ ತಿಂಗಳಲ್ಲಿ ಬಾಬಿ ಕೇನ್ ಪಾಸಾದ. ಮರುವರ್ಷ ಗೇಲ್ ಆನ್ ಎಪ್ಸ್. ಹನ್ನೆರಡರಲ್ಲಿ ಈ ಶಾಲೆಯಿಂದ ಓದು ಮುಗಿಸಿ ಹೊರಬಂದವರು ಇಬ್ಬರೇ. ಜೋ ಆನ್‌ಳ ಕುಟುಂಬ ಮೊದಲ ಡಿಸೆಂಬರಿನಲ್ಲೇ ಊರು ಬಿಟ್ಟು ಲಾಸ್ ಏಂಜಲೀಸ್ ಸೇರಿತ್ತು. ಗುಡ್ಡದ ಮೇಲಿನ ಗ್ರೀನ್ ಮೆಕಾಡೂ ಶಾಲೆ 2006ರಿಂದ ವಸ್ತುಸಂಗ್ರಹಾಲಯವಾಗಿದೆ. ಅದರ ಎದುರು ಆ ಹನ್ನೆರಡೂ ಮಕ್ಕಳು ಕಂಚಿನಲ್ಲಿ ನಿಂತಿದ್ದಾರೆ.

ಹೈಸ್ಕೂಲಿನ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 1958ರ ಅಕ್ಟೋಬರ್ 5ರ ಭಾನುವಾರ ಬೆಳಗಿನ ಜಾವ ಯಾರೋ ಅದಕ್ಕೆ ಡೈನಮೈಟ್ ಇಟ್ಟರು. ಕಟ್ಟಡದ ಬಹುಭಾಗ ಕುಸಿಯಿತು. ಯಾರಿಗೂ ಗಾಯವಾಗಲಿಲ್ಲ, ಯಾರಿಗೂ ಶಿಕ್ಷೆಯಾಗಲಿಲ್ಲ. ಅಣುಬಾಂಬಿಗೆ ಯುರೇನಿಯಂ ಸಿದ್ಧಪಡಿಸಿದ ಪಕ್ಕದ ಓಕ್ ರಿಡ್ಜ್ ಊರಿನವರು ಖಾಲಿ ಬಿದ್ದಿದ್ದ ಒಂದು ಪ್ರಾಥಮಿಕ ಶಾಲೆಯ ಬಾಗಿಲು ತೆರೆದರು. ಹೊಸ ಕಟ್ಟಡ ಏಳುವವರೆಗೆ, ಅಂದರೆ 1960ರವರೆಗೆ, ಕ್ಲಿಂಟನ್ನಿನ ಮಕ್ಕಳೆಲ್ಲ ಬೆಳಗೆದ್ದು ಬಸ್ಸು ಹತ್ತಿ ಪರವೂರಿಗೆ ಓದಲು ಹೋಗಬೇಕಾಯಿತು. ಗುಡ್ಡದ ಮೇಲಿನವರಿಗೆ ಬಸ್ಸಿನ ಹಾದಿ ಹೊಸದೇನಲ್ಲ.