ನಗರವೇ ಪಾಠಶಾಲೆ

ಬೇಸಗೆಯ ಬಿಡುವಿನಲ್ಲಿ ರೋಮ್, ಅಥೆನ್ಸ್ ನಗರಗಳಿಗೆ ತೆರಳಿ, ಅಲ್ಲಿಯ ಬೀದಿಗಳಲ್ಲೇ ಇತಿಹಾಸವನ್ನು ಓದುವ ಪರಿಪಾಠ ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ ಉಂಟು. ಕನ್ನಡ ನಾಡಿಗೆ ಇದು ಹೊಸತೇನಲ್ಲ. ಕ್ರಿ. ಶ. 4ನೆಯ ಶತಮಾನದಲ್ಲಿ ಮಯೂರಶರ್ಮನು ಗುರು ವೀರಶರ್ಮನೊಡನೆ ಪಲ್ಲವರ ಕಂಚಿಯ ಘಟಿಕೆಗೆ ವೇದಾಧ್ಯಯನಕ್ಕಾಗಿ ಹೋದನೆಂದು ತಾಳಗುಂದದ ಸ್ತಂಭಶಾಸನ ತಿಳಿಸುತ್ತದೆ. ಅಲ್ಲಿ ಪಲ್ಲವರ ಅಶ್ವಭಟನೊಡನೆ ಕಲಹವಾಯಿತು. ಅವಮಾನಿತನಾದ ವಿದ್ಯಾರ್ಥಿ ಖಡ್ಗವನ್ನೆತ್ತಿದನು. ಕದಂಬ ರಾಜ್ಯ ಹುಟ್ಟಿತು, ಬನವಾಸಿ ಅದರ ರಾಜಧಾನಿಯಾಯಿತು.

ಯಲ್ಲಾಪುರ ತಾಲೂಕಿನ ಉಮ್ಮಚಗಿಯ ಸಂಸ್ಕೃತ ಪಾಠಶಾಲೆಯ ಬಾಲಕನಿಗೆ ಆ ಬನವಾಸಿ ಪರದೇಶವಲ್ಲ. ನೆರೆಯ ಶಿರಸಿ ತಾಲೂಕಿನಲ್ಲೇ ಇದೆ. ಮಧುಕೇಶ್ವರ ದೇವಾಲಯ, ಅಲ್ಲಿಯ ಪ್ರಾಕೃತ ಶಾಸನವುಳ್ಳ ನಾಗಶಿಲೆ, ಕೋಟೆಯ ಅವಶೇಷ, ಊರನ್ನು ಬಳಸಿ ಹರಿಯುವ ವರದೆ—ಒಂದೊಂದೂ ಒಂದು ಪಾಠ. ಓದುವವರಿಲ್ಲದಿದ್ದರೆ ಶಾಸನವೂ ಬರಿಯ ಕಲ್ಲು. ಕಡಲು ದಾಟುವ ಮುನ್ನ ನಮ್ಮ ಮಕ್ಕಳು ಒಮ್ಮೆ ವರದೆಯ ದಡಕ್ಕೆ ಹೋಗಿಬರಬಾರದೇ?